ಒಂದೇ 40 ಕಿಲೋ, ಮೂರು ಯಂತ್ರಗಳಲ್ಲಿ ಮೂರು ತೂಕ: ಯಾವುದನ್ನು ನಂಬುವುದು?

ಅಳತೆಪಟ್ಟಿ · ಸೋಮವಾರ, ರಾತ್ರಿ 9:40

ಮನೆಯಲ್ಲಿ ಒಂದು ಕೇಬಲ್ ಯಂತ್ರ ಇಟ್ಟುಕೊಂಡಿದ್ದೇನೆ. ಮೇಲಿರುವ ಹಿಡಿಯನ್ನು ಎದೆಯವರೆಗೆ ಎಳೆದರೆ ಹಿಂದೆ ಪ್ಲೇಟುಗಳ ಅಟ್ಟಿ ಏರುತ್ತದೆ, ಅಷ್ಟೇ ಅದರ ಕೆಲಸ. ಜಿಮ್ಮಿನಲ್ಲಿ 40 ಕಿಲೋಗೆ ಪಿನ್ನು ಹಾಕಿ ಹನ್ನೆರಡು ಸಲ ಸರಾಗವಾಗಿ ಎಳೆಯುವ ನಾನು, ಮನೆಯಲ್ಲಿ ಅದೇ 40ಕ್ಕೆ ಎಂಟನೆಯದರಲ್ಲೇ ಸೋಲುತ್ತೇನೆ. ಜಿಮ್ಮಿನ ಇನ್ನೊಂದು ಮೂಲೆಯಲ್ಲಿರುವ ಎರಡು ಕಂಬದ ಯಂತ್ರದಲ್ಲಂತೂ 40 ಕಿಲೋ ಒಂದೇ ಕೈಗೆ ಬಂದುಬಿಡುತ್ತದೆ.

ಮೊದಲು ನನ್ನ ತೋಳಿನ ಮೇಲೆಯೇ ಅನುಮಾನ ಬಂತು. ಆಮೇಲೆ ಕೊಕ್ಕೆ ಇರುವ ಡಿಜಿಟಲ್ ತೂಗುಯಂತ್ರವನ್ನು ಹಿಡಿಗೂ ಕೇಬಲ್‌ಗೂ ನಡುವೆ ಸಿಕ್ಕಿಸಿ, ನಿಧಾನವಾಗಿ ಎಳೆಯುವಾಗ ಒಮ್ಮೆ, ನಿಧಾನವಾಗಿ ಬಿಡುವಾಗ ಒಮ್ಮೆ ಅಂಕಿ ಓದಿಕೊಂಡೆ. ಮೂರರಲ್ಲೂ ಪಿನ್ನು ಇದ್ದದ್ದು 40ರಲ್ಲೇ.

ಮನೆಯದು: ಎಳೆಯುವಾಗ 47, ಬಿಡುವಾಗ 34.
ಜಿಮ್ಮಿನ ಅದೇ ಬಗೆಯ ಯಂತ್ರ: 42 ಮತ್ತು 38.
ಎರಡು ಕಂಬದ್ದು: 21 ಮತ್ತು 19.

ತೂಗುಯಂತ್ರ ಸರಿಯಾಗಿದೆ, ತೂಕ ಗೊತ್ತಿರುವ ಪ್ಲೇಟನ್ನು ನೇತುಹಾಕಿ ಪರೀಕ್ಷಿಸಿದ್ದೇನೆ. ಹಾಗಾದರೆ ಪ್ಲೇಟಿನ ಮೇಲೆ ಬರೆದಿರುವ ಅಂಕಿಗೆ ಏನರ್ಥ? ನನ್ನ ಯಂತ್ರಕ್ಕೆ ಏನೋ ಆಗಿದೆಯೇ, ಅಥವಾ ಅದು ಹುಟ್ಟಿದ್ದೇ ಹೀಗೆಯೇ?

ಕಬ್ಬಿಣಪ್ರೇಮಿ · ಸೋಮವಾರ, ರಾತ್ರಿ 9:52

ಬಾರ್ಬೆಲ್ ಹಿಡಿಯಿರಿ. 40 ಎಂದರೆ 40. ರಾಟೆಯೂ ಇಲ್ಲ, ತಕರಾರೂ ಇಲ್ಲ.

ಸನ್ನೆಗೋಲು · ಸೋಮವಾರ, ರಾತ್ರಿ 10:15

ಅಳತೆಪಟ್ಟಿಯವರೇ, ಅಳೆದು ಕೇಳಿದ್ದಕ್ಕೆ ಮೊದಲು ವಂದನೆ. ಇಂಥ ಪ್ರಶ್ನೆಗಳು ಇಲ್ಲಿ ಬಹಳ ಬರುತ್ತವೆ, ಅಂಕಿ ಹಿಡಿದುಕೊಂಡು ಬರುವವರು ಕಡಿಮೆ.

ನಿಮ್ಮ ಅಂಕಿಗಳಲ್ಲಿ ಎರಡು ಬೇರೆ ಬೇರೆ ವಿಷಯಗಳು ಬೆರೆತಿವೆ, ಬಿಡಿಸಿ ನೋಡೋಣ.

ಎರಡು ಕಂಬದ ಯಂತ್ರದಲ್ಲಿ ಅಟ್ಟಿಯ ತಲೆಯ ಮೇಲೆ ಒಂದು ಚಲಿಸುವ ರಾಟೆ ಇರುತ್ತದೆ, ಗಮನಿಸಿ ನೋಡಿ. ಅಟ್ಟಿ ಕೇಬಲ್‌ನ ಎರಡು ಎಳೆಗಳಲ್ಲಿ ತೂಗುತ್ತಿರುತ್ತದೆ. ಒಂದು ಎಳೆ ಚೌಕಟ್ಟಿಗೆ, ಇನ್ನೊಂದು ನಿಮ್ಮ ಕೈಗೆ. ಆದ್ದರಿಂದ ಕೈಗೆ ಬರುವುದು ಅರ್ಧ. ಬದಲಿಗೆ ಅಟ್ಟಿ ಒಂದು ಅಡಿ ಏರಬೇಕಾದರೆ ನೀವು ಎರಡು ಅಡಿ ಎಳೆಯಬೇಕು. ಇದು ಶಾಲೆಯಲ್ಲಿ ಸರಳ ಯಂತ್ರಗಳ ಪಾಠದಲ್ಲಿ ಓದಿದ್ದೇ. ಕೈಯನ್ನು ಬಹುದೂರ ಚಾಚುವ ವ್ಯಾಯಾಮಗಳಿಗೆ ಉದ್ದನೆಯ ಕೇಬಲ್ ಬೇಕು, ಅದಕ್ಕಾಗಿಯೇ ಹೀಗೆ ಮಾಡುತ್ತಾರೆ. ಇದರಲ್ಲಿ ಮೋಸವಿಲ್ಲ, ಆದರೆ ಪ್ಲೇಟಿನ ಮೇಲೆ ಪೂರ್ತಿ ಅಂಕಿ ಬರೆದು, ಎರಡಕ್ಕೆ ಒಂದು ಎಂದು ಎಲ್ಲೂ ಹೇಳದೆ ಬಿಡುವುದು ಸರಿಯಲ್ಲ.

ಎರಡನೆಯದು ಘರ್ಷಣೆ. ಎಳೆಯುವಾಗ ಅದು ನಿಮಗೆ ಎದುರಾಳಿ, ಬಿಡುವಾಗ ನಿಮಗೆ ಸಹಾಯಕ. ಮನೆಯ ಅಂಕಿಗಳನ್ನೇ ನೋಡಿ: 47 ಮತ್ತು 34ನ್ನು ಗುಣಿಸಿ ವರ್ಗಮೂಲ ತೆಗೆದರೆ 39.97. ಅಂದರೆ ನಿಮ್ಮ ಪ್ಲೇಟುಗಳು ಸುಳ್ಳು ಹೇಳುತ್ತಿಲ್ಲ, ಅಲ್ಲಿ ನಿಜವಾಗಿಯೂ 40 ಕಿಲೋ ಇದೆ. ದಾರಿಯಲ್ಲಿ ರಾಟೆಗಳು ಅದನ್ನು ಸುಮಾರು 1.175 ಪಟ್ಟು ಹಿಗ್ಗಿಸುತ್ತಿವೆ, ಬಿಡುವಾಗ ಅಷ್ಟೇ ಪಟ್ಟು ಕುಗ್ಗಿಸುತ್ತಿವೆ. ಜಿಮ್ಮಿನದರಲ್ಲಿ ಇದೇ ಗುಣಕ 1.05.

ನಿಮ್ಮಲ್ಲಿ ಎಷ್ಟು ರಾಟೆಗಳಿವೆ?

ಅಳತೆಪಟ್ಟಿ · ಸೋಮವಾರ, ರಾತ್ರಿ 10:21

ಐದು. ಮೇಲೆ ಎರಡು ದೊಡ್ಡವು, ಮಧ್ಯದಲ್ಲಿ ಒಂದು ಸಣ್ಣದು, ಕೆಳಗೆ ಎರಡು.

ಸನ್ನೆಗೋಲು · ಸೋಮವಾರ, ರಾತ್ರಿ 10:30

ಹಾಗಾದರೆ ಒಂದೊಂದಕ್ಕೆ ಸರಾಸರಿ ಶೇಕಡಾ 3.3 ನಷ್ಟ. 1.033ನ್ನು ಐದು ಸಲ ಗುಣಿಸಿದರೆ 1.176 ಬರುತ್ತದೆ. ಬಾಲ್ ಬೇರಿಂಗ್ ಇಲ್ಲದೆ ಬರೀ ಪ್ಲಾಸ್ಟಿಕ್ ಬುಷ್ ಮೇಲೆ ತಿರುಗುವ ರಾಟೆಗಳಿರಬೇಕು. ಐದನ್ನೂ ಬೇರಿಂಗ್ ಇರುವವುಗಳಿಗೆ ಬದಲಿಸಿ, ಜಿಮ್ಮಿನ ಮಟ್ಟಕ್ಕೆ ಬರುತ್ತದೆ.

ಹಳೆಯ ಫಿಟ್ಟರ್ · ಮಂಗಳವಾರ, ಬೆಳಿಗ್ಗೆ 6:10

ಸನ್ನೆಗೋಲು ಅವರ ಗಣಿತಕ್ಕೆ ನನ್ನ ತಕರಾರಿಲ್ಲ. ಆದರೆ ಸರಾಸರಿ ಹಿಡಿದು ಐದೂ ರಾಟೆಗಳನ್ನು ಕಿತ್ತು ಹಾಕಿ ಎನ್ನುವುದು, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ಹದಿನೆಂಟು ವರ್ಷ ವ್ಯಾಯಾಮ ಯಂತ್ರಗಳ ದುರಸ್ತಿ ಮಾಡಿದ್ದೇನೆ. ಐದು ರಾಟೆಗಳು ಸಮನಾಗಿ ಕೆಟ್ಟದ್ದನ್ನು ನಾನು ಕಂಡಿಲ್ಲ. ಕೆಡುವುದು ಒಂದು. ಉಳಿದ ನಾಲ್ಕು ಅದರ ಹೊರೆ ಹೊರುತ್ತವೆ.

ಅಳತೆಪಟ್ಟಿಯವರೇ, ಒಂದು ಸೀಮೆಸುಣ್ಣ ತೆಗೆದುಕೊಳ್ಳಿ. ಪ್ರತಿ ರಾಟೆಯ ಬದಿಯಲ್ಲಿ ಒಂದು ಚುಕ್ಕೆ, ಅದರ ನೇರಕ್ಕೆ ಚೌಕಟ್ಟಿನ ಮೇಲೆ ಒಂದು ಚುಕ್ಕೆ ಇಡಿ. ಯಾರಾದರೂ ಹಿಡಿಯನ್ನು ಸಾವಕಾಶವಾಗಿ ಎಳೆಯಲಿ, ನೀವು ಚುಕ್ಕೆಗಳನ್ನೇ ನೋಡುತ್ತಾ ನಿಲ್ಲಿ. ಯಾವ ಚುಕ್ಕೆ ಕೇಬಲ್ ಜೊತೆ ಓಡುವುದಿಲ್ಲವೋ ಅದೇ ಕಳ್ಳ.

ಇನ್ನೊಂದು ಮಾತು. ಯಾರೋ ಬಂದು ಎಣ್ಣೆ ಹಾಕಿ ಎನ್ನುತ್ತಾರೆ, ಹಾಕಬೇಡಿ. ಅಟ್ಟಿಯ ಎರಡು ನಿಲುಗಂಬಿಗಳನ್ನು ಒಣ ಬಟ್ಟೆಯಲ್ಲಿ ಒರೆಸಿ, ತೆಳ್ಳಗೆ ಸಿಲಿಕೋನ್ ಹಚ್ಚಿ. ಎಣ್ಣೆ ಹಚ್ಚಿದರೆ ಧೂಳು ಕೂತು ತಿಂಗಳಲ್ಲಿ ಅಂಟಿನ ಹಾಗಾಗುತ್ತದೆ.

ಕಸರತ್ತು · ಮಂಗಳವಾರ, ಬೆಳಿಗ್ಗೆ 7:05

ತರಬೇತಿ ಕೊಡುವವಳಾಗಿ ನನ್ನ ಚಿಂತೆ ಇರುವುದು 47ರ ಬಗ್ಗೆ ಅಲ್ಲ, 34ರ ಬಗ್ಗೆ. ಸ್ನಾಯು ತೂಕವನ್ನು ಎತ್ತುವುದಕ್ಕಿಂತ ಹೆಚ್ಚು ತೂಕವನ್ನು ತಡೆದು ಇಳಿಸಬಲ್ಲದು. ಇಳಿಸುವ ಹಂತದಲ್ಲೇ ಯಂತ್ರ ಆರು ಕಿಲೋ ತಾನೇ ಹೊತ್ತುಕೊಂಡರೆ ಅಭ್ಯಾಸದ ಅರ್ಧ ಭಾಗ ಸಪ್ಪೆಯಾಗುತ್ತದೆ. ನನ್ನಲ್ಲಿಗೆ ಬರುವವರು «ಈ ಯಂತ್ರ ಭಾರ» ಎಂದು ಹೇಳುತ್ತಾರೆಯೇ ಹೊರತು «ಇಳಿಸುವಾಗ ಹಗುರ» ಎಂದು ಒಬ್ಬರೂ ಹೇಳಿಲ್ಲ. ಕೈಗೆ ಅದು ಗೊತ್ತೇ ಆಗುವುದಿಲ್ಲ.

ಕಬ್ಬಿಣಪ್ರೇಮಿ · ಮಂಗಳವಾರ, ಬೆಳಿಗ್ಗೆ 7:31

ಅದನ್ನೇ ನಾನು ಎರಡು ಸಾಲಿನಲ್ಲಿ ಹೇಳಿದ್ದು. ಬಾರ್ಬೆಲ್‌ನಲ್ಲಿ ಏರುವಾಗ, ಇಳಿಯುವಾಗ ಒಂದೇ ತೂಕ.

ಸನ್ನೆಗೋಲು · ಮಂಗಳವಾರ, ಬೆಳಿಗ್ಗೆ 8:20

ಕಬ್ಬಿಣಪ್ರೇಮಿಯವರೇ, ತೂಕ ಒಂದೇ, ಒಪ್ಪಿದೆ. ಸ್ನಾಯುವಿನ ಮೇಲೆ ಬೀಳುವ ಹೊರೆ ಒಂದೇ ಅಲ್ಲ. ಡಂಬೆಲ್ ಹಿಡಿದು ಮೊಣಕೈ ಮಡಿಸಿ ನೋಡಿ. ಕೈ ಕೆಳಗೆ ತೂಗುತ್ತಿರುವಾಗ ಮೊಣಕೈಗೆ ತಿರುಗುಬಲವೇ ಇಲ್ಲ. ಮುಂಗೈ ನೆಲಕ್ಕೆ ಸಮಾನಾಂತರವಾದಾಗ ಅತಿ ಹೆಚ್ಚು. ಹೆಗಲಿನ ಹತ್ತಿರ ಬಂದ ಮೇಲೆ ಮತ್ತೆ ಕಡಿಮೆ. ಗುರುತ್ವ ಎಳೆಯುವುದು ನೇರ ಕೆಳಕ್ಕೆ ಮಾತ್ರ, ಕೀಲು ಸುತ್ತುವುದು ವೃತ್ತದಲ್ಲಿ. ಈ ಎರಡರ ಜಗಳವನ್ನು ಬಾರ್ಬೆಲ್ ಬಗೆಹರಿಸುವುದಿಲ್ಲ.

ಇದನ್ನು ಬಗೆಹರಿಸಲೆಂದೇ ಆರ್ಥರ್ ಜೋನ್ಸ್ 1970ರಲ್ಲಿ ನಾಟಿಲಸ್ ಯಂತ್ರ ತಂದದ್ದು. ಗುಂಡು ರಾಟೆಯ ಬದಲಿಗೆ ಶಂಖದ ಸುರುಳಿಯಂತೆ ತ್ರಿಜ್ಯ ಬದಲಾಗುತ್ತಾ ಹೋಗುವ ಕ್ಯಾಮ್ ಹಾಕಿದರು. ಯಂತ್ರದ ಹೆಸರೂ ಆ ಸುರುಳಿ ಚಿಪ್ಪಿನ ಜೀವಿಯದೇ. ಸ್ನಾಯು ಬಲವಾಗಿರುವ ಕೋನದಲ್ಲಿ ತ್ರಿಜ್ಯ ದೊಡ್ಡದು, ಸೋಲುವ ಕೋನದಲ್ಲಿ ಚಿಕ್ಕದು. ತೂಕ ಅದೇ, ತಿರುಗುಬಲ ಮಾತ್ರ ನಿಮ್ಮ ಶಕ್ತಿಯ ಏರಿಳಿತವನ್ನು ಹಿಂಬಾಲಿಸುತ್ತದೆ. ಒಂದು ಲೋಹದ ತುಂಡಿನ ಆಕಾರದಲ್ಲಿ ಮನುಷ್ಯನ ಕೀಲಿನ ಸ್ವಭಾವವನ್ನು ಬರೆದಿಟ್ಟಿದ್ದಾರಲ್ಲ, ಅದನ್ನು ನೋಡಿದಾಗಲೆಲ್ಲ ನನಗೆ ರೋಮಾಂಚನವಾಗುತ್ತದೆ.

ಕಬ್ಬಿಣಪ್ರೇಮಿ · ಮಂಗಳವಾರ, ಬೆಳಿಗ್ಗೆ 8:44

ಆ ಕ್ಯಾಮ್ ಯಾರ ಕೀಲಿಗೆ? ನಿಮ್ಮ ತೋಳು ಉದ್ದ, ನನ್ನದು ಗಿಡ್ಡ. ಆಸನ ಒಂದು ರಂಧ್ರ ಮೇಲೆ ಕೆಳಗಾದರೆ ಯಂತ್ರದ ಅಚ್ಚು ಒಂದು ಕಡೆ, ನನ್ನ ಮೊಣಕಾಲಿನ ಅಚ್ಚು ಇನ್ನೊಂದು ಕಡೆ. ಕಾಲು ಚಾಚುವ ಯಂತ್ರದಲ್ಲಿ ಹಾಗೆಯೇ ಕೂತು ಎರಡು ತಿಂಗಳು ಮೊಣಕಾಲು ನೋವು ಅನುಭವಿಸಿದ್ದೇನೆ.

ಕಸರತ್ತು · ಮಂಗಳವಾರ, ಬೆಳಿಗ್ಗೆ 9:02

ಇದು ನ್ಯಾಯವಾದ ಆಕ್ಷೇಪ. ಯಂತ್ರದ ತಿರುಗುವ ಅಚ್ಚಿನ ಮೇಲೆ ಬಣ್ಣದ ಗುರುತು ಇರುತ್ತದೆ, ಅದರ ನೇರಕ್ಕೆ ಮೊಣಕಾಲಿನ ಕೀಲು ಬರಬೇಕು. ಬೆನ್ನಿನ ಒರಗನ್ನು ಹಿಂದೆ ಮುಂದೆ ಸರಿಸುವುದು ಅದಕ್ಕಾಗಿಯೇ, ಆರಾಮವಾಗಿ ಒರಗಲಿಕ್ಕಲ್ಲ. ಅಚ್ಚು ತಪ್ಪಿದರೆ ಕಣಕಾಲಿನ ಮೇಲಿನ ದಿಂಡು ಕಾಲಿನ ಉದ್ದಕ್ಕೂ ಜಾರುತ್ತದೆ. ದಿಂಡು ಚರ್ಮಕ್ಕೆ ಉಜ್ಜುತ್ತಿದೆ ಎನ್ನಿಸಿದರೆ ಅಲ್ಲಿಗೇ ನಿಲ್ಲಿಸಿ ಆಸನ ಸರಿಪಡಿಸಿಕೊಳ್ಳಿ.

ಮೂಲೆಕೋಣೆ · ಮಂಗಳವಾರ, ಬೆಳಿಗ್ಗೆ 11:18

ನಡುವೆ ನನ್ನದೊಂದು ಪ್ರಶ್ನೆ. ಮನೆಯಲ್ಲೇ ಚೌಕಟ್ಟು ಬೆಸುಗೆ ಹಾಕಿಸಿ ಕೇಬಲ್ ಯಂತ್ರ ಮಾಡುತ್ತಿದ್ದೇನೆ. 50 ಮಿಲಿಮೀಟರ್ ಚೌಕದ ಕೊಳವೆ, ದಪ್ಪ 2 ಮಿಲಿಮೀಟರ್. ಎಳೆದಾಗ ಕಂಬ ತೂಗಾಡುತ್ತದೆ. ದಪ್ಪ 3ಕ್ಕೆ ಏರಿಸಲೇ?

ಸನ್ನೆಗೋಲು · ಮಂಗಳವಾರ, ಬೆಳಿಗ್ಗೆ 11:40

ದಪ್ಪಕ್ಕಿಂತ ಅಗಲ ಹೆಚ್ಚು ಕೆಲಸ ಮಾಡುತ್ತದೆ. ತೆಳುಗೋಡೆಯ ಚೌಕ ಕೊಳವೆಯ ಬಾಗದಿರುವ ಗುಣ ಗೋಡೆಯ ದಪ್ಪಕ್ಕೆ ನೇರ ಅನುಪಾತದಲ್ಲಿ ಏರುತ್ತದೆ, ಬದಿಯ ಅಳತೆಗೆ ಘನದಲ್ಲಿ ಏರುತ್ತದೆ. ದಪ್ಪ 2ರಿಂದ 3ಕ್ಕೆ ಹೋದರೆ ಹೆಚ್ಚೆಂದರೆ ಒಂದೂವರೆ ಪಟ್ಟು. ಅದೇ 2 ಮಿಲಿಮೀಟರ್ ದಪ್ಪದಲ್ಲಿ 50ರಿಂದ 75ಕ್ಕೆ ಹೋದರೆ ಸುಮಾರು 3.4 ಪಟ್ಟು.

ಹಳೆಯ ಫಿಟ್ಟರ್ · ಮಂಗಳವಾರ, ಮಧ್ಯಾಹ್ನ 1:05

ಕೊಳವೆಯನ್ನು ಬೈಯುವ ಮೊದಲು ಬುಡ ನೋಡಿ. ಕಂಬ ಮತ್ತು ಅಡಿಪಟ್ಟಿ ಸೇರುವ ಮೂಲೆಯಲ್ಲಿ ತ್ರಿಕೋನದ ತಗಡು ಕೊಟ್ಟಿದ್ದೀರಾ? ತೂಗಾಟ ಬಹಳ ಸಲ ಆ ಮೂಲೆಯಿಂದಲೇ ಬರುತ್ತದೆ. ಬೋಲ್ಟಿನ ರಂಧ್ರ ಸಡಿಲವಿದ್ದರೂ ಹೀಗೆಯೇ.

ಮೂಲೆಕೋಣೆ · ಮಂಗಳವಾರ, ಮಧ್ಯಾಹ್ನ 1:20

ತಗಡು ಕೊಟ್ಟಿಲ್ಲ! ಇವತ್ತೇ ಹಾಕಿಸುತ್ತೇನೆ. ರಾಟೆಯನ್ನು ಎರಡಕ್ಕೆ ಒಂದು ಮಾಡಲೇ, ನೇರ ಕೊಡಲೇ ಎಂಬುದೂ ಇನ್ನೂ ತೀರ್ಮಾನವಾಗಿಲ್ಲ.

ಸನ್ನೆಗೋಲು · ಮಂಗಳವಾರ, ಮಧ್ಯಾಹ್ನ 2:10

ಎರಡಕ್ಕೆ ಒಂದು ಮಾಡಿ. ಒಂದು ಸೂಕ್ಷ್ಮ ಹೇಳುತ್ತೇನೆ. ಅಟ್ಟಿಯಲ್ಲಿ 40 ಇದ್ದರೆ ಕೈಗೆ ಬರುವ ತೂಕ 20. ಆದರೆ ಅಟ್ಟಿ ನಿಮ್ಮ ಕೈಯ ಅರ್ಧ ವೇಗದಲ್ಲಿ ಚಲಿಸುವುದರಿಂದ, ಕೈಗೆ ತಾಗುವ ಜಡತ್ವ ಕಾಲು ಭಾಗ, ಅಂದರೆ 10 ಕಿಲೋದಷ್ಟು ಮಾತ್ರ. ನೇರ ಕೇಬಲ್‌ನಲ್ಲಿ 20 ಕಿಲೋ ಹಾಕಿದರೆ ತೂಕವೂ 20, ಜಡತ್ವವೂ 20. ಬೇಗ ಎಳೆದಾಗ ನೇರ ಯಂತ್ರದ ಅಟ್ಟಿ ಹಾರಿ ಕೇಬಲ್ ಸಡಿಲವಾಗಿ ಮತ್ತೆ ಜಗ್ಗುತ್ತದೆ. ಎರಡಕ್ಕೆ ಒಂದರಲ್ಲಿ ಆ ಜಗ್ಗಾಟ ಕಡಿಮೆ, ಕೈಗೆ ಮೆದುವಾಗಿ ಬರುತ್ತದೆ.

ಬೆಟ್ಟದ ಕಾಲು · ಮಂಗಳವಾರ, ಸಂಜೆ 5:48

ಅಂಕಿಗಳ ಮಾತು ಬಂದದ್ದರಿಂದ ಕೇಳುತ್ತೇನೆ. ಓರೆ ಹಳಿಯ ಮೇಲೆ ಕಾಲಿನಿಂದ ಒತ್ತುವ ಯಂತ್ರದಲ್ಲಿ ನಾನು 200 ಕಿಲೋ ಒತ್ತುತ್ತೇನೆ. ಅದೂ ನಿಜವಾದ 200 ಅಲ್ಲವೇ?

ಸನ್ನೆಗೋಲು · ಮಂಗಳವಾರ, ಸಂಜೆ 6:02

ಹಳಿ 45 ಡಿಗ್ರಿ ಓರೆ ಇದ್ದರೆ ಹಳಿಯ ಉದ್ದಕ್ಕೆ ಬೀಳುವುದು 0.707 ಭಾಗ, ಅಂದರೆ ಸುಮಾರು 141. ಉಳಿದದ್ದನ್ನು ಹಳಿ ಹೊರುತ್ತದೆ.

ಹಳೆಯ ಫಿಟ್ಟರ್ · ಮಂಗಳವಾರ, ಸಂಜೆ 6:15

ಖಾಲಿ ಗಾಡಿಯ ತೂಕವನ್ನು ಇಬ್ಬರೂ ಮರೆತಿರಿ. ಪ್ಲೇಟು ಹಾಕುವ ಮೊದಲೇ ಗಾಡಿ ಹತ್ತಾರು ಕಿಲೋ ಇರುತ್ತದೆ. ಅದರದ್ದೂ 0.707 ಸೇರಿಸಿ.

ಬೆಟ್ಟದ ಕಾಲು · ಮಂಗಳವಾರ, ಸಂಜೆ 6:17

ಗಾಡಿ ಸೇರಿದರೆ ಸಮಾಧಾನ.

ಬೆಳಗಿನ ಓಟ · ಮಂಗಳವಾರ, ರಾತ್ರಿ 8:30

ವಿಷಯಾಂತರಕ್ಕೆ ಕ್ಷಮಿಸಿ. ಇಲ್ಲಿ ಬಲ್ಲವರಿದ್ದೀರಿ, ಕೇಳಿಬಿಡುತ್ತೇನೆ. ನಮ್ಮ ಮನೆಯ ಟ್ರೆಡ್‌ಮಿಲ್‌ನಲ್ಲಿ ನಾನು ವೇಗವಾಗಿ ಓಡಿದರೆ ಏನೂ ಆಗುವುದಿಲ್ಲ. ನಮ್ಮ ತಂದೆ ನಿಧಾನವಾಗಿ ನಡೆದರೆ ಇಪ್ಪತ್ತು ನಿಮಿಷಕ್ಕೆ ಮೋಟಾರ್ ಬಿಸಿಯಾಗಿ ನಿಂತುಬಿಡುತ್ತದೆ. ಅವರು ನನಗಿಂತ ಮೂವತ್ತು ಕಿಲೋ ಹೆಚ್ಚು ತೂಕ ಇದ್ದಾರೆ. ನಡಿಗೆಗೆ ಓಟಕ್ಕಿಂತ ಕಡಿಮೆ ಶಕ್ತಿ ಸಾಕಲ್ಲವೇ?

ಹಳೆಯ ಫಿಟ್ಟರ್ · ಮಂಗಳವಾರ, ರಾತ್ರಿ 9:10

ನಡೆಯುವವರಿಗೆ ಕಡಿಮೆ ಶಕ್ತಿ ಸಾಕು, ಮೋಟಾರಿಗೆ ಹಾಗಲ್ಲ. ಪಾದ ಬೆಲ್ಟಿನ ಮೇಲೆ ಊರಿದಾಗಲೆಲ್ಲ ಬೆಲ್ಟು ಕೆಳಗಿನ ಹಲಗೆಗೆ ಒತ್ತಿಕೊಂಡು ಉಜ್ಜುತ್ತದೆ. ನಡಿಗೆಯಲ್ಲಿ ಒಂದಲ್ಲ ಒಂದು ಪಾದ ಸದಾ ಊರಿಯೇ ಇರುತ್ತದೆ. ಆ ಘರ್ಷಣೆಯನ್ನು ಮೋಟಾರ್ ನಿಧಾನ ವೇಗದಲ್ಲಿ ಎಳೆಯಬೇಕು, ಹೆಚ್ಚು ಕರೆಂಟು ಕುಡಿಯುತ್ತದೆ. ಅದರ ತಂಪಿನ ಫ್ಯಾನು ಮೋಟಾರಿನ ಅಚ್ಚಿಗೇ ಕೂರಿಸಿದ್ದು, ಹಾಗಾಗಿ ನಿಧಾನ ವೇಗದಲ್ಲಿ ಗಾಳಿಯೂ ಕಡಿಮೆ. ಶಾಖ ಹೆಚ್ಚು, ಗಾಳಿ ಕಡಿಮೆ, ಮತ್ತೇನಾಗಬೇಕು?

ಪ್ಲಗ್ ಕಿತ್ತು, ಬೆಲ್ಟನ್ನು ಬದಿಯಿಂದ ಎತ್ತಿ, ಕೈ ಒಳಗೆ ಹಾಕಿ ಹಲಗೆ ಮುಟ್ಟಿ ನೋಡಿ. ಬೆರಳಿಗೆ ಜಿಡ್ಡು ಹತ್ತದಿದ್ದರೆ ಹಲಗೆ ಒಣಗಿದೆ. ಯಂತ್ರದ ಕೈಪಿಡಿ ಹೇಳಿದ ಸಿಲಿಕೋನ್ ಎಣ್ಣೆಯನ್ನೇ, ಹೇಳಿದಷ್ಟೇ ಹಾಕಿ. ಬೆಲ್ಟನ್ನು ವಿಪರೀತ ಬಿಗಿ ಮಾಡಿದ್ದರೂ ಇದೇ ಗತಿ. ಬೆಲ್ಟು ಬಲಕ್ಕೆ ಸರಿಯುತ್ತಿದ್ದರೆ ಹಿಂದಿನ ಬಲಗಡೆಯ ಬೋಲ್ಟನ್ನು ಗಡಿಯಾರದ ದಿಕ್ಕಿಗೆ ಕಾಲು ಸುತ್ತು, ಅಷ್ಟೇ. ಎರಡು ನಿಮಿಷ ಖಾಲಿ ಓಡಿಸಿ ನೋಡಿದ ಮೇಲೆಯೇ ಮುಂದಿನ ಕಾಲು ಸುತ್ತು.

ಬೆಳಗಿನ ಓಟ · ಮಂಗಳವಾರ, ರಾತ್ರಿ 9:34

ಮುಟ್ಟಿ ನೋಡಿದೆ. ಎಲುಬಿನಂತೆ ಒಣಗಿದೆ. ಧನ್ಯವಾದ ಸರ್, ಅಪ್ಪನಿಗೆ ಹೇಳುತ್ತೇನೆ.

ಮೂಲೆಕೋಣೆ · ಮಂಗಳವಾರ, ರಾತ್ರಿ 9:50

ವಿಷಯಾಂತರ ಆಗಿಯೇ ಹೋಯಿತು, ನಾನೂ ಕೇಳುತ್ತೇನೆ. ವ್ಯಾಯಾಮದ ಸೈಕಲ್ ಕೊಳ್ಳುವವರೆಲ್ಲ «ಫ್ಲೈವೀಲ್ (ಪೆಡಲ್ ತುಳಿದಾಗ ತಿರುಗುವ ಭಾರದ ತಟ್ಟೆ) ಎಷ್ಟು ಕಿಲೋ?» ಎಂದೇ ಕೇಳುತ್ತಾರೆ. 18 ಕಿಲೋದ್ದು 6 ಕಿಲೋದ್ದಕ್ಕಿಂತ ಮೂರು ಪಟ್ಟು ಒಳ್ಳೆಯದೇ?

ಸನ್ನೆಗೋಲು · ಮಂಗಳವಾರ, ರಾತ್ರಿ 10:25

ಅಲ್ಲ. ತೂಕವೊಂದನ್ನೇ ಕೇಳುವುದು ಅರ್ಧ ಪ್ರಶ್ನೆ. ಜಡತ್ವದಲ್ಲಿ ತ್ರಿಜ್ಯ ವರ್ಗವಾಗಿ ಬರುತ್ತದೆ. ಪೆಡಲಿಗೆ ಅದು ತಲುಪುವಾಗ ವೇಗದ ಅನುಪಾತವೂ ವರ್ಗವಾಗಿ ಬರುತ್ತದೆ. ಲೆಕ್ಕ ಹಾಕಿ: 18 ಕಿಲೋದ ತಟ್ಟೆ, ತ್ರಿಜ್ಯ 22 ಸೆಂಟಿಮೀಟರ್, ಪೆಡಲ್ ಒಂದು ಸುತ್ತಿಗೆ ಅದು ಮೂರು ಸುತ್ತು. ಪೆಡಲಿನ ಬಳಿ ಜಡತ್ವ ಸುಮಾರು 3.9. ಇನ್ನೊಂದು 6 ಕಿಲೋದ ತಟ್ಟೆ, ತ್ರಿಜ್ಯ 12 ಸೆಂಟಿಮೀಟರ್, ಆದರೆ ಎರಡು ಹಂತದ ಬೆಲ್ಟಿನಿಂದ ಹತ್ತು ಸುತ್ತು. ಅದು 4.3. ಚಿಕ್ಕದೇ ಗೆದ್ದಿತು.

ಆಯಸ್ಕಾಂತದ ತಡೆ ಇರುವ ಸೈಕಲ್‌ಗಳು ವೇಗದ ತಟ್ಟೆಯನ್ನು ಬಯಸುವುದಕ್ಕೆ ಇನ್ನೊಂದು ಕಾರಣವೂ ಇದೆ. ತಿರುಗುವ ಲೋಹದಲ್ಲಿ ಹುಟ್ಟುವ ಸುಳಿ ವಿದ್ಯುತ್ತಿನಿಂದ ಆ ತಡೆ ಬರುತ್ತದೆ. ಲೋಹ ನಿಂತರೆ ತಡೆ ಸೊನ್ನೆ.

ಹುಟ್ಟುಗೋಲು · ಮಂಗಳವಾರ, ರಾತ್ರಿ 11:02

ದೋಣಿ ಹುಟ್ಟುಹಾಕುವ ಯಂತ್ರದ ಬಗ್ಗೆ ಯಾರೂ ಮಾತಾಡಲಿಲ್ಲ, ನಾನು ಸುಮ್ಮನಿರಲಾರೆ. ಗಾಳಿಯ ಚಕ್ರ ಇರುವ ಯಂತ್ರದಲ್ಲಿ ಬದಿಗೆ 1ರಿಂದ 10ರವರೆಗೆ ಒಂದು ಸನ್ನೆ ಇರುತ್ತದೆ. ಹೊಸಬರು ಬಂದು ನೇರ 10ಕ್ಕೆ ಇಡುತ್ತಾರೆ, ಅದು ಹೆಚ್ಚಿನ «ತೂಕ» ಎಂದು. ಅದು ಒಳಗೆ ಹೋಗುವ ಗಾಳಿಯ ಬಾಗಿಲು. ತೆರೆದಷ್ಟೂ ಚಕ್ರ ಬೇಗ ನಿಧಾನವಾಗುತ್ತದೆ, ಪ್ರತಿ ಎಳೆತವೂ ಭಾರದ ದೋಣಿಯಂತೆ ಅನ್ನಿಸುತ್ತದೆ. ನೀವು ಎಷ್ಟು ಶಕ್ತಿ ಹಾಕಿದಿರಿ ಎಂಬುದು ನಿಮ್ಮ ಎಳೆತಕ್ಕೆ ಸೇರಿದ್ದು, ಸನ್ನೆಗಲ್ಲ.

ಗಾಳಿಯ ತಡೆ ವೇಗದ ವರ್ಗದಂತೆ, ಬೇಕಾದ ಶಕ್ತಿ ವೇಗದ ಘನದಂತೆ ಏರುತ್ತದೆ. ಕಾನ್ಸೆಪ್ಟ್ ಟು ಯಂತ್ರದ ಸೂತ್ರ ಇದು: ಒಂದು ಮೀಟರಿಗೆ ತಗಲುವ ಸೆಕೆಂಡುಗಳ ಘನದಿಂದ 2.80ನ್ನು ಭಾಗಿಸಿದರೆ ವ್ಯಾಟ್. 500 ಮೀಟರಿಗೆ ಎರಡು ನಿಮಿಷ ಎಂದರೆ ಸುಮಾರು 203 ವ್ಯಾಟ್. ಒಂದು ನಿಮಿಷ 45 ಸೆಕೆಂಡಿಗೆ ಇಳಿಸಬೇಕಾದರೆ 302. ಹದಿನೈದು ಸೆಕೆಂಡಿಗಾಗಿ ಅರ್ಧದಷ್ಟು ಹೆಚ್ಚು ಶಕ್ತಿ! ಆ ಹದಿನೈದು ಸೆಕೆಂಡಿಗಾಗಿ ನಾನು ಒಂದು ವರ್ಷದಿಂದ ಬೆವರು ಹರಿಸುತ್ತಿದ್ದೇನೆ. ಇನ್ನೂ ನಾಲ್ಕು ಸೆಕೆಂಡು ಬಾಕಿ.

ನಿರ್ವಾಹಕ · ಬುಧವಾರ, ಬೆಳಿಗ್ಗೆ 6:45

ಸೈಕಲ್, ದೋಣಿ ಎರಡಕ್ಕೂ ಬೇರೆ ಎಳೆಗಳಿವೆ, ಅಲ್ಲಿ ಮುಂದುವರಿಸಿ. ಇಲ್ಲಿ ಅಳತೆಪಟ್ಟಿಯವರ ಉತ್ತರಕ್ಕೆ ಕಾಯೋಣ.

ಅಳತೆಪಟ್ಟಿ · ಬುಧವಾರ, ರಾತ್ರಿ 8:15

ಸೀಮೆಸುಣ್ಣದ ಫಲ ತಂದಿದ್ದೇನೆ. ತಂಗಿ ಹಿಡಿ ಎಳೆದಳು, ನಾನು ಟಾರ್ಚ್ ಹಿಡಿದು ಕೂತೆ. ನಾಲ್ಕು ಚುಕ್ಕೆಗಳು ಓಡಿದವು. ಮಧ್ಯದ ಸಣ್ಣ ರಾಟೆಯ ಚುಕ್ಕೆ ಇದ್ದಲ್ಲೇ ಇತ್ತು. ಕೇಬಲ್ ಅದರ ಮೇಲೆ ಸುಮ್ಮನೆ ಜಾರಿಕೊಂಡು ಹೋಗುತ್ತಿತ್ತು. ಕೆಳಗೆ ಅಡಿಪಟ್ಟಿಯ ಮೇಲೆ ಕರಿಯ ಪುಡಿ ಒಂದು ಗೆರೆಯಾಗಿ ಬಿದ್ದಿದೆ. ಇಷ್ಟು ದಿನ ಅದನ್ನು ಧೂಳೆಂದು ಗುಡಿಸುತ್ತಿದ್ದೆ.

ಬಿಚ್ಚಿ ನೋಡಿದರೆ ಬೇರಿಂಗ್ ಚೆನ್ನಾಗಿಯೇ ಇದೆ, ಬೆರಳಲ್ಲಿ ತಿರುಗಿಸಿದರೆ ತಿರುಗುತ್ತದೆ. ಎರಡು ಬದಿಯ ಪಟ್ಟಿಗಳ ನಡುವೆ ಇರಬೇಕಾದ ಸ್ಪೇಸರ್ ಕೊಳವೆ ಒಂದು ಕಡೆ ಇಲ್ಲವೇ ಇಲ್ಲ. ಬೋಲ್ಟು ಬಿಗಿ ಮಾಡಿದಾಗ ಪಟ್ಟಿ ಒಳಕ್ಕೆ ಬಾಗಿ ರಾಟೆಯ ಕೆನ್ನೆಗೆ ಒತ್ತಿಕೊಂಡಿದೆ. ಜೋಡಿಸಿದವನು ನಾನೇ, ಆದರೆ ಪೆಟ್ಟಿಗೆಯಲ್ಲಿ ಆ ತುಂಡು ಬಂದಿರಲಿಲ್ಲ. ಚಿತ್ರದಲ್ಲೂ ಇಲ್ಲ.

ಸರಿಯಾದ ಉದ್ದದ ಕೊಳವೆ ಕತ್ತರಿಸಿ ಹಾಕಿದೆ. ಈಗ 43 ಮತ್ತು 37.

ಸನ್ನೆಗೋಲು · ಬುಧವಾರ, ರಾತ್ರಿ 8:40

ಹಳೆಯ ಫಿಟ್ಟರ್ ಅವರದೇ ಸರಿ, ನನ್ನ ಸರಾಸರಿ ತಪ್ಪು ದಾರಿ ತೋರಿಸಿತು. ಈಗಿನ ಗುಣಕ ಸುಮಾರು 1.075. ಅಂದರೆ ಒಳ್ಳೆಯ ರಾಟೆ ಒಂದಕ್ಕೆ ಶೇಕಡಾ ಒಂದೂವರೆ, ಆ ಒಂದೇ ರಾಟೆಗೆ ಸುಮಾರು ಹನ್ನೊಂದು!

ಒಂದು ಕೇಳಬೇಕು: ಆ ಸಣ್ಣ ರಾಟೆ ಕೇಬಲ್ಲಿನ ದಿಕ್ಕನ್ನು ಸ್ವಲ್ಪವೇ ತಿರುಗಿಸುತ್ತದೆಯೇ?

ಅಳತೆಪಟ್ಟಿ · ಬುಧವಾರ, ರಾತ್ರಿ 8:47

ಹೌದು, ಸುಮಾರು ಮೂವತ್ತು ಡಿಗ್ರಿ. ಕೇಬಲ್ ಚೌಕಟ್ಟಿಗೆ ತಾಗದಿರಲಿ ಎಂದು ಇಟ್ಟಿದ್ದಾರೆ ಅಷ್ಟೇ.

ಸನ್ನೆಗೋಲು · ಬುಧವಾರ, ರಾತ್ರಿ 9:05

ಲೆಕ್ಕ ಕೂಡಿತು. ತಿರುಗದ ರಾಟೆಯ ಮೇಲೆ ಜಾರುವ ಹಗ್ಗದ ಬಿಗಿತ, ಸುತ್ತಿದ ಕೋನ ಹೆಚ್ಚಿದಂತೆ ಗುಣಿಸುತ್ತಾ ಏರುತ್ತದೆ. ಹಡಗನ್ನು ದಡದ ಗೂಟಕ್ಕೆ ಎರಡು ಸುತ್ತು ಹಗ್ಗದಿಂದ ಒಬ್ಬನೇ ಹಿಡಿದು ನಿಲ್ಲಿಸುವುದು ಇದೇ ನಿಯಮದಿಂದ. ಘರ್ಷಣಾಂಕ 0.2 ಎಂದಿಟ್ಟುಕೊಂಡರೆ ಮೂವತ್ತು ಡಿಗ್ರಿಗೆ 1.11. ನಿಮ್ಮ ಅಳತೆಯೂ ಅದೇ. ಮೇಲಿನ ದೊಡ್ಡ ರಾಟೆ ಅರ್ಧ ಸುತ್ತಿನೊಂದಿಗೆ ಹೀಗೆ ಸಿಕ್ಕಿಕೊಂಡಿದ್ದರೆ 1.87 ಆಗುತ್ತಿತ್ತು, ಮೊದಲ ದಿನವೇ ಗೊತ್ತಾಗುತ್ತಿತ್ತು. ಸಣ್ಣ ಕೋನವಾದ್ದರಿಂದಲೇ ಇಷ್ಟು ದಿನ ಅಡಗಿಕೊಂಡಿತ್ತು.

ಹಳೆಯ ಫಿಟ್ಟರ್ · ಬುಧವಾರ, ರಾತ್ರಿ 9:30

ಲೆಕ್ಕ ಸರಿ, ಆದರೆ ಸಂತೋಷಪಡುವ ಮೊದಲು ಆ ಕರಿಯ ಪುಡಿ ಏನೆಂದು ಕೇಳಿಕೊಳ್ಳಿ. ಅದು ಕೇಬಲ್ಲಿನ ನೈಲಾನ್ ಹೊದಿಕೆ. ಒಳಗೆ ಏಳು ಹುರಿ, ಪ್ರತಿ ಹುರಿಯಲ್ಲಿ ಹತ್ತೊಂಬತ್ತು ಎಳೆ, ಒಟ್ಟು 133 ಸಣ್ಣ ತಂತಿಗಳು ಇರುವುದು ಸಾಮಾನ್ಯ. ತೆಳ್ಳಗಿರುವುದರಿಂದಲೇ ರಾಟೆಯ ಮೇಲೆ ಸುಲಭವಾಗಿ ಬಾಗುತ್ತವೆ. ಬಾಗಿ ಬಾಗಿ ದಣಿದು ಒಂದೊಂದಾಗಿ ತುಂಡಾಗುತ್ತವೆ, ಅದೂ ಹೊದಿಕೆಯೊಳಗೆ, ನಿಮ್ಮ ಕಣ್ಣಿಗೆ ಕಾಣದಂತೆ. ಹೊದಿಕೆ ಸವೆದ ಜಾಗ, ಬಿರುಕು, ಉಬ್ಬು, ಕೊನೆಯ ಕೊಂಡಿಯ ಬಳಿ ಸೊಟ್ಟಗಾದದ್ದು, ಯಾವುದು ಕಂಡರೂ ಕೇಬಲ್ ಬದಲಿಸಿ. ಬರಿಗೈಯಲ್ಲಿ ಸವರಬೇಡಿ, ಬಟ್ಟೆ ಸುತ್ತಿ ಸವರಿ. ಮುರಿದ ತಂತಿ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ.

ನಿಮ್ಮ ಯಂತ್ರದಲ್ಲಿ ಹಿಡಿ ಇರುವುದು ತಲೆಯ ಮೇಲೆ. ತುಂಡಾದರೆ ಆ ಕಬ್ಬಿಣದ ದಂಡ ಬರುವುದು ಮುಖಕ್ಕೆ. ಒಬ್ಬರ ಹಣೆಗೆ ಹಾಗೆ ಬಿದ್ದದ್ದನ್ನು ಕಣ್ಣಾರೆ ನೋಡಿದ್ದೇನೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಅಳತೆಪಟ್ಟಿ · ಬುಧವಾರ, ರಾತ್ರಿ 9:58

ಬಟ್ಟೆ ಸುತ್ತಿ ಸವರಿದೆ. ಸಣ್ಣ ರಾಟೆ ಉಜ್ಜುತ್ತಿದ್ದ ಭಾಗದಲ್ಲಿ ಎರಡು ಕಡೆ ಬಟ್ಟೆ ಸಿಕ್ಕಿಕೊಂಡಿತು. ಪಿನ್ನು ತೆಗೆದು, ಹಿಡಿಯನ್ನೂ ಬಿಚ್ಚಿ ಇಟ್ಟಿದ್ದೇನೆ, ತಂಗಿ ಬಳಸದಿರಲಿ ಎಂದು. ಹೊಸ ಕೇಬಲ್‌ಗೆ ಹೇಳಿದ್ದೇನೆ.

ಕಬ್ಬಿಣಪ್ರೇಮಿ · ಬುಧವಾರ, ರಾತ್ರಿ 10:04

ಒಳ್ಳೆಯದಾಯಿತು. ಜಿಮ್ಮಿನ ಯಂತ್ರಗಳ ಕೇಬಲ್ಲನ್ನೂ ನಾಳೆ ನೋಡುತ್ತೇನೆ, ನಮ್ಮ ಹುಡುಗರು ಅಲ್ಲಿಯೇ ಎಳೆಯುತ್ತಾರೆ.

ಅಳತೆಪಟ್ಟಿ · ಮುಂದಿನ ಮಂಗಳವಾರ, ಸಂಜೆ 7:20

ಕೇಬಲ್ ಬಂತು, ಹಾಕಿದೆ. 42.5 ಮತ್ತು 37.5. ಐದೂ ಚುಕ್ಕೆಗಳು ಓಡುತ್ತಿವೆ, ಅಡಿಪಟ್ಟಿಯ ಮೇಲೆ ಪುಡಿ ಬಿದ್ದಿಲ್ಲ. ಇವತ್ತು ಹನ್ನೊಂದು ಸಲ ಎಳೆದೆ.